ನೆಟ್ಸ್‌ನಲ್ಲಿ ಎಂಟಾಣೆ

ನಮ್ಮ ತಣಿಸಂದ್ರದ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಬ್ಯಾಟ್ ಯಾರದೋ ಅವನದೇ ಮೊದಲ ಬ್ಯಾಟಿಂಗ್. ಮೊನ್ನೆ ಮೊಮ್ಮಗ ಮುಖ ಊದಿಸಿಕೊಂಡು ಬಂದ. "ತಾತ, ನನಗೆ ಬರೀ ಬೌಲಿಂಗ್ ಕೊಡ್ತಾರೆ" ಅಂದ. ಆಗ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರ ಕಥೆ ಹೇಳಿದೆ.

ಮಕ್ಕಳೇ, ಬಾಳೂ ಹುಟ್ಟಿದ್ದು 1876ರಲ್ಲಿ. ಆ ಕಾಲದವರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ದಲಿತ ಕುಟುಂಬ. ಅಪ್ಪ ಸೈನ್ಯದಲ್ಲಿದ್ದರು. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನ ಪಿಚ್ ಗುಡಿಸಿ, ರೋಲರ್ ಎಳೆಯುವುದು ಬಾಳೂ ಅವರ ಮೊದಲ ಕೆಲಸ. ತಿಂಗಳಿಗೆ ಮೂರು ರೂಪಾಯಿ ಸಂಬಳ. ಆಮೇಲೆ ಇಂಗ್ಲಿಷರ ಕ್ಲಬ್ಬು ಸೇರಿದರು. ಅಲ್ಲಿ ದೊರೆಗಳ ಅಭ್ಯಾಸಕ್ಕೆ ಎಡಗೈ ಸ್ಪಿನ್ ಹಾಕುವುದೂ ಅವರ ಪಾಲಿಗೆ ಬಂತು.

ಆ ದೊರೆಗಳಲ್ಲಿ ಜೆ. ಜಿ. ಗ್ರೆಗ್ ಎಂಬ ಸೇನಾಧಿಕಾರಿ ಒಬ್ಬರು. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಗೆ, ಅಂದರೆ ಅಲ್ಲಿಯ ಒಂದು ಜಿಲ್ಲೆಯ ತಂಡಕ್ಕೆ, ಅಮೆಚೂರ್ ಆಗಿ ಆಡಿದವರು. ಅಮೆಚೂರ್ ಎಂದರೆ ಆಟಕ್ಕೆ ಸಂಬಳ ಪಡೆಯದವರು. ಹೊಟ್ಟೆಪಾಡಿಗೆ ಬೇರೆ ದಾರಿ ಇದ್ದವರಿಗೆ ಮಾತ್ರ ಸಾಧ್ಯ. 1901ರಲ್ಲಿ ಲ್ಯಾಂಕಾಶೈರ್ ವಿರುದ್ಧ ಔಟಾಗದೆ 249 ರನ್ ಹೊಡೆದ ಗಟ್ಟಿಗ. ಕೊನೆಗೆ ಸೈನ್ಯ ಬಿಟ್ಟು ಪಾದ್ರಿಯಾದರು!

ಬೇರೆಯವರಿಗಿಂತ ಮೊದಲೇ ಬಂದು ಗ್ರೆಗ್ ಬಾಳೂ ಎದುರು ಅಭ್ಯಾಸ ಮಾಡುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂದು ಕಥೆ. ರೂಪಾಯಿಗೆ ಹದಿನಾರಾಣೆ. ಲೆಡ್ಜರ್ ಬರೆದ ಕೈ ಸುಮ್ಮನಿರದೆ ಲೆಕ್ಕ ಹಾಕಿತು: ಆರು ಸಲ ಔಟ್ ಮಾಡಿದರೆ ಪಾರ್ಸಿ ಕ್ಲಬ್ಬಿನ ಒಂದು ತಿಂಗಳ ಸಂಬಳ! ಆದರೆ ಬಾಳೂ ಕೈಗೆ ಅಲ್ಲಿ ಯಾರೂ ಒಂದು ದಿನವೂ ಬ್ಯಾಟ್ ಕೊಡಲಿಲ್ಲ.

ಇಂಗ್ಲಿಷರನ್ನು ಸೋಲಿಸಬೇಕೆಂದು ಪುಣೆಯ ಹಿಂದೂ ತಂಡದವರು ಬಾಳೂರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಮಾತ್ರ ಬಾಳೂಗೆ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಬೇರೆ ತಟ್ಟೆ. ಇದನ್ನು ಹೇಳುವಾಗ ನನಗೇ ನಾಚಿಕೆಯಾಯಿತು. ಮೊಮ್ಮಗ, "ವಿಕೆಟ್ ತೆಗೆದಮೇಲೂನಾ?" ಎಂದ. ಹೌದಪ್ಪ, ತೆಗೆದಮೇಲೂ.

1906ರಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂಗೆ ಎಂಟು ವಿಕೆಟ್. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬಾಳೂ ಮಾತ್ರ 114 ವಿಕೆಟ್ ಕಿತ್ತರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಳೂಗೆ ಸಿಗಲಿಲ್ಲ. ಅದು ಸಿಕ್ಕಿದ್ದು 1923ರಲ್ಲಿ, ಅವರ ತಮ್ಮ ವಿಠ್ಠಲನಿಗೆ. ವಿಠ್ಠಲ ಬ್ಯಾಟ್ಸ್‌ಮನ್. ಆ ವರ್ಷ ಕಪ್ಪೂ ಹಿಂದೂ ತಂಡಕ್ಕೇ ಬಂತು. ಬಾಳೂ ತೀರಿಕೊಂಡದ್ದು 1955ರಲ್ಲಿ.

ಮಾರನೆ ಸಂಜೆ ಮೊಮ್ಮಗ ಮತ್ತೆ ಸೈಟಿಗೆ ಹೋದ. ಬ್ಯಾಟಿಂಗ್ ಸಿಕ್ಕಿತೇ ಎಂದು ಕೇಳಿದೆ. "ಇಲ್ಲ ತಾತ, ಎಂಟಾಣೆ ಕೇಳಿದೆ, ಅದೂ ಕೊಡಲಿಲ್ಲ" ಅಂದ.