ಕೆಲಸದ ಬಟ್ಟೆಯೊಂದಿಗೆ ಮನೆಗೆ ಬರುವ ಧೂಳು

ಸಹೋದರಿಯರೇ, ಸಂಜೆ ಮನೆಗೆ ಬಂದ ಪತಿಯ ಅಥವಾ ಮಗನ ಕೆಲಸದ ಬಟ್ಟೆಯನ್ನು ನೀವು ಏನು ಮಾಡುತ್ತೀರಿ? ಅಂಗಳದಲ್ಲಿ ನಾಲ್ಕು ಸಲ ಝಾಡಿಸಿ, ಮಕ್ಕಳ ಬಟ್ಟೆಯ ಜೊತೆಗೇ ನೆನೆಹಾಕುತ್ತೀರಿ, ಅಲ್ಲವೇ? ಆ ಧೂಳಿನಲ್ಲಿ ಕಲ್ನಾರು ಇದ್ದರೆ ಅದು ಕೊಳೆಯಲ್ಲ, ವಿಷ.

ಕಲ್ನಾರು ಅಂದರೆ ಆಸ್ಬೆಸ್ಟಾಸ್. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲಿಗೆ ಹೋದರೂ ಮನೆ, ಗೋದಾಮು, ರೈಸ್ ಮಿಲ್ಲುಗಳ ಮೇಲೆ ಸಿಮೆಂಟ್ ಶೀಟು ಕಾಣುತ್ತದೆ. ಅವುಗಳಲ್ಲಿ ಬಹಳಷ್ಟು ಆಸ್ಬೆಸ್ಟಾಸ್ ಶೀಟುಗಳು. ಲಾರಿಗಳ ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ, ಹಳೆಯ ಬಾಯ್ಲರ್‌ಗಳಿಗೆ ಸುತ್ತಿದ ಹಗ್ಗದಲ್ಲಿಯೂ ಇದನ್ನು ಬಳಸುತ್ತಿದ್ದರು. ಒಡೆಯದೆ ಛಾವಣಿಯ ಮೇಲಿರುವ ಶೀಟಿಗೆ ಹೆದರಬೇಕಿಲ್ಲ. ಅದನ್ನು ಕೊಯ್ಯುವಾಗ, ತೂತು ಹಾಕುವಾಗ, ಒಡೆಯುವಾಗ ಏಳುವ ಧೂಳು ಅಪಾಯಕಾರಿ. ಕಣ್ಣಿಗೆ ಕಾಣದ ಅದರ ಎಳೆಗಳು ಶ್ವಾಸಕೋಶ ಸೇರಿದರೆ ಮತ್ತೆ ಹೊರಬರುವುದು ಕಷ್ಟ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತದಲ್ಲಿ ಇದರ ಬಳಕೆ ಇನ್ನೂ ನಿಂತಿಲ್ಲ.

ಈ ಧೂಳು ಕೆಲಸಗಾರನನ್ನು ಮಾತ್ರ ಕಾಡುವುದಿಲ್ಲ. ಶ್ವಾಸಕೋಶದ ಹೊರಪದರಕ್ಕೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಬಗ್ಗೆ 1965ರಲ್ಲಿ ಲಂಡನ್ನಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಕಾರ್ಖಾನೆಯ ಹೊಸ್ತಿಲನ್ನೇ ತುಳಿಯದ ಕೆಲವರಿಗೂ ಕಾಯಿಲೆ ಬಂದಿತ್ತು. ವಿಚಾರಿಸಿದಾಗ, ಗಂಡನ ಕೆಲಸದ ಬಟ್ಟೆ ಒಗೆಯುತ್ತಿದ್ದ ಹೆಂಡತಿಯರು ಅವರಲ್ಲಿದ್ದರು!

ಧೂಳು ಸೇವಿಸಿ 20, 30, ಕೆಲವೊಮ್ಮೆ 40 ವರ್ಷಗಳ ನಂತರ ಈ ಕಾಯಿಲೆ ತಲೆಯೆತ್ತುತ್ತದೆ. ಬಿಡದ ಕೆಮ್ಮು, ಏದುಸಿರು, ಎದೆನೋವು, ಎದೆಯಲ್ಲಿ ನೀರು ತುಂಬುವುದು ಇದರ ಲಕ್ಷಣಗಳು. ಟಿ.ಬಿ. ಎಂದುಕೊಂಡು ದಿನ ದೂಡುವುದುಂಟು. ಆದ್ದರಿಂದ ವೈದ್ಯರ ಬಳಿ ಹೋದಾಗ "ಇವರು ಇಷ್ಟು ವರ್ಷ ಇಂಥ ಕೆಲಸ ಮಾಡಿದ್ದಾರೆ" ಎಂದು ನೀವೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಒಂದು ಸಾಲು ಮುಂದೆ ಸಾಕ್ಷಿಯಾಗುತ್ತದೆ.

ಪರಿಹಾರ ಕೇಳುವುದು ಭಿಕ್ಷೆಯಲ್ಲ, ಹಕ್ಕು. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕಾರ್ಮಿಕರ ಪ್ರಕರಣದಲ್ಲಿ, ಕಾರ್ಮಿಕನ ಆರೋಗ್ಯವೂ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಮಾಲೀಕ ಕಾಪಾಡಬೇಕೆಂದಿತು. ಕಾಯಿಲೆ ಖಚಿತವಾದವರಿಗೆ 1 ಲಕ್ಷ ರೂ. ಪರಿಹಾರಕ್ಕೂ ಆದೇಶಿಸಿತು.

ಇ.ಎಸ್.ಐ. ಇರುವ ಕಡೆ ಕೆಲಸ ಮಾಡಿದವರು ಇ.ಎಸ್.ಐ. ಕಚೇರಿಯಲ್ಲಿ ಕೇಳಬೇಕು. ಇಲ್ಲದವರಿಗೆ 1923ರ ಕಾರ್ಮಿಕ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಲ್ನಾರಿನಿಂದ ಬರುವ ಕ್ಯಾನ್ಸರ್ ಅದರ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಕಾರ್ಮಿಕ ತೀರಿಕೊಂಡರೆ ವಿಧವೆ ಪತ್ನಿ, ಚಿಕ್ಕ ಮಕ್ಕಳು, ವಿಧವೆ ತಾಯಿ ಹಕ್ಕುದಾರರು. ಆದರೆ ಬಟ್ಟೆ ಒಗೆದು ಕಾಯಿಲೆಗೆ ತುತ್ತಾದ ಹೆಂಡತಿ ಈ ಕಾನೂನಿನ ಕಣ್ಣಿಗೆ 'ಕಾರ್ಮಿಕ'ಳಲ್ಲ. ಆಕೆ ಸಿವಿಲ್ ಕೋರ್ಟಿನ ದಾರಿ ಹಿಡಿಯಬೇಕು. ಈ ಅನ್ಯಾಯದ ಬಗ್ಗೆ ನಾವು ದನಿಯೆತ್ತಬೇಡವೇ?

ಕಾಯಿಲೆ ದಶಕಗಳ ನಂತರ ಬರುತ್ತದೆ, ಕಾನೂನು ಕೊಡುವ ಗಡುವು ಮಾತ್ರ ಕೆಲವೇ ವರ್ಷ. ಹಾಗಾಗಿ ರೋಗ ಗೊತ್ತಾದ ಕೂಡಲೇ ವಕೀಲರನ್ನು ಕಾಣಿರಿ. ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರ ನೆರವು ಉಚಿತ. ಬಳ್ಳಾರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು.

ಅಲ್ಲಿ ಮೊದಲು ಕೇಳುವುದು ಕಾಗದವನ್ನು. ಎಲ್ಲಿ, ಯಾರ ಬಳಿ, ಎಷ್ಟು ವರ್ಷ ಕೆಲಸ? ಗ್ಯಾರೇಜು, ಮಿಲ್ಲುಗಳ ಕೂಲಿಗೆ ರಶೀದಿ ಎಲ್ಲಿಂದ ಬರಬೇಕು? ಹಾಗಾಗಿ ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಮಾಲೀಕರ ಹೆಸರು, ಕೆಲಸದ ವಿವರ, ವರ್ಷ, ಜೊತೆಗಿದ್ದವರ ಹೆಸರು ಬರೆದಿಡಿ. ಗುರುತಿನ ಚೀಟಿ, ಪಿ.ಎಫ್., ಇ.ಎಸ್.ಐ. ಸಂಖ್ಯೆ, ಎಕ್ಸ್‌ರೇ, ಆಸ್ಪತ್ರೆಯ ಚೀಟಿಗಳನ್ನು ಒಂದೇ ಚೀಲದಲ್ಲಿಟ್ಟು ಟ್ರಂಕಿನಲ್ಲಿ ಜೋಪಾನ ಮಾಡಿ. ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡುವಂತೆ ಪವಿತ್ರ ಕುರ್‌ಆನ್ (2:282) ಆದೇಶಿಸಿದೆ. ದುಡಿಮೆಯ ಲೆಕ್ಕವೂ ಅಷ್ಟೇ ಮುಖ್ಯವಲ್ಲವೇ?

ಇನ್ನು ಮನೆಯ ಜಾಗ್ರತೆ. ಅಂಥ ಕೆಲಸದ ಬಟ್ಟೆಯನ್ನು ಝಾಡಿಸಬೇಡಿ. ಸಾಧ್ಯವಾದರೆ ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದು ಬರಲು ಹೇಳಿ. ತಂದ ಬಟ್ಟೆಯನ್ನು ಮೊದಲು ನೀರಿನಲ್ಲಿ ಮುಳುಗಿಸಿ, ಬೇರೆಯಾಗಿ ಒಗೆಯಿರಿ. ಒಡೆದ ಶೀಟಿನ ಚೂರುಗಳಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಆ ಧೂಳನ್ನು ಒಣಗಿದ್ದಾಗ ಗುಡಿಸದೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹಲವು ಪಟ್ಟು ಹೆಚ್ಚು. ಬಿಡುವಂತೆ ಪ್ರೀತಿಯಿಂದ ಒತ್ತಾಯಿಸಿ.

"ಎಲ್ಲ ಅಲ್ಲಾಹನ ಇಚ್ಛೆ, ಕೋರ್ಟು ಕಚೇರಿ ಯಾಕೆ?" ಎನ್ನುವವರಿದ್ದಾರೆ. ಒಂಟೆಯನ್ನು ಮೊದಲು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಸಹನೆ ಎಂದರೆ ಹಕ್ಕನ್ನು ಕೈಬಿಡುವುದಲ್ಲ. ಸಹೋದರಿಯರೇ, ಇಂದೇ ಆ ನೋಟ್‌ಬುಕ್ಕಿನ ಮೊದಲ ಪುಟ ಬರೆಯಿರಿ.