ಪಾರಿವಾಳಕ್ಕೆ ಇಟ್ಟ ಗುರಿ: ಬೆಳೆ ಉಳಿಯದು, ಲಕ್ವಾ ಬಿಡದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ಹೊಲಗಳಲ್ಲಿ ಪಾರಿವಾಳ ಹೊಡೆಯುವವರು ಮುಖ್ಯವಾಗಿ ಎರಡು ಕಾರಣ ಹೇಳುತ್ತಾರೆ. ಒಂದು, ಹೊಲದ ಕಾಳು ಉಳಿಸುವುದು. ಇನ್ನೊಂದು, ಮನೆಯಲ್ಲಿ ಯಾರಿಗಾದರೂ ಹೊಡೆದ ಲಕ್ವಾ ಬಿಡಿಸುವುದು. ಏರ್‌ಗನ್ ಇರಲಿ, ಕವಣೆ ಇರಲಿ, ಹಾಳುಬಾವಿಯ ಬಾಯಿಗೆ ರಾತ್ರಿ ಹಾಸುವ ಬಲೆ ಇರಲಿ, ಅದರ ಹಿಂದಿನ ನಂಬಿಕೆ ಇವೇ. ಎರಡೂ ತಪ್ಪು. ಮೊದಲನೆಯದನ್ನು ನೆಚ್ಚಿದರೆ ಕಾಳು ಹೋಗುತ್ತದೆ, ಎರಡನೆಯದನ್ನು ನೆಚ್ಚಿದರೆ ಮನುಷ್ಯನೇ ಹೋಗಬಹುದು.

‘ಜ್ವಾಳದ ತೆನಿ ಎಲ್ಲಾ ಪಾರಿವಾಳನ ಖಾಲಿ ಮಾಡಾಕತ್ತಾವು’

ತೆನೆ ಖಾಲಿಯಾಗಿದ್ದು ನಿಜ. ಮಾಡಿದ್ದು ಪಾರಿವಾಳ ಅನ್ನುವುದು ಮಾತ್ರ ಹೆಚ್ಚಿನ ಸಲ ನಿಜವಲ್ಲ. ಪಾರಿವಾಳ ನೆಲದ ಮೇಲೆ ನಡೆದಾಡಿ ಕಾಳು ಆರಿಸುವ ಹಕ್ಕಿ. ಬಂಡೆಯ ಸಂದಿಗಳಲ್ಲಿ ಬದುಕಿದ ಕುಲ ಅದರದು; ಅದಕ್ಕೇ ಗುಡಿಯ ಗೋಪುರ, ಬಾವಿಯ ಕಲ್ಲಿನ ಪೊಟರೆ, ಗೋದಾಮಿನ ತೊಲೆ ಅದಕ್ಕೆ ಒಗ್ಗಿವೆ. ಅದರ ಕಾಲು ಚಪ್ಪಟೆ ನೆಲಕ್ಕೆ ಹೇಳಿ ಮಾಡಿಸಿದ್ದು. ಗಾಳಿಗೆ ತೂಗುವ ಜೋಳದ ತೆನೆಗೆ ಜೋತುಬಿದ್ದು ಕಾಳು ಬಿಡಿಸುವುದು ಅದಕ್ಕೆ ಕಷ್ಟ.

ಆ ಕೆಲಸ ಗಿಳಿಯದು. ಗಿಳಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ತೆನೆಯನ್ನು ಮುಷ್ಟಿಯಲ್ಲಿ ಹಿಡಿದಷ್ಟು ಬಿಗಿಯಾಗಿ ಹಿಡಿಯುತ್ತದೆ. ತಿನ್ನುವುದಕ್ಕಿಂತ ಕತ್ತರಿಸಿ ಬೀಳಿಸುವುದೇ ಹೆಚ್ಚು. ಸೂರ್ಯಕಾಂತಿಯಲ್ಲೂ ಗೋವಿನಜೋಳದಲ್ಲೂ ಇದೇ ಕಥೆ. ಜೋಳ ಹಾಲುಗಾಳಾದಾಗ, ನಾವು ಸೀತನಿ ಸುಡುವ ಹೊತ್ತಿಗೆ, ಗುಬ್ಬಿ, ಗೀಜಗ, ರಾಟವಾಳಗಳು ಗುಂಪಾಗಿ ಬಂದು ಎಳೆಗಾಳು ಹಿಂಡುತ್ತವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಕಬ್ಬಕ್ಕಿಗಳೂ ಮೋಡದಂತೆ ಇಳಿಯುತ್ತವೆ. ತೆನೆಯ ಬುಡದಲ್ಲಿ ಓಡಾಡುವ ಪಾರಿವಾಳ ಇವು ಉದುರಿಸಿದ್ದನ್ನು ಹೆಕ್ಕುತ್ತಿರುತ್ತದೆ. ಬಂದೂಕು ಹಿಡಿದವನ ಕಣ್ಣಿಗೆ ಬೀಳುವುದು ಅದೇ. ದೊಡ್ಡ ಮೈ, ನಿಧಾನ ನಡಿಗೆ, ಸುಲಭದ ಗುರಿ.

ಹಾಗೆಂದು ಪಾರಿವಾಳ ಏನೂ ಕೆಡಿಸುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬಿತ್ತನೆಯ ದಿನಗಳಲ್ಲಿ ಅದರ ಹಾವಳಿ ಇದೆ. ಮಣ್ಣು ಮುಚ್ಚದೆ ಉಳಿದ ಕಡಲೆ, ಬಟಾಣಿ, ಗೋವಿನಜೋಳದ ಬೀಜವನ್ನು ಅದು ಬಿಡುವುದಿಲ್ಲ; ದ್ವಿದಳದ ಎಳೆ ಮೊಳಕೆಯನ್ನೂ ಕುಕ್ಕುತ್ತದೆ. ಕೂರಿಗೆ ಎತ್ತಿ ತಿರುಗಿಸುವ ಹೊಲದ ತುದಿಯಲ್ಲಿ ಚೆಲ್ಲಿದ ಕಾಳು ಅದನ್ನು ಕರೆಯುತ್ತದೆ, ಅಲ್ಲಿಂದ ಅದು ಸಾಲು ಹಿಡಿದು ನಡೆಯುತ್ತದೆ. ಕಣದಲ್ಲಿ ರಾಶಿ ಬಿದ್ದಾಗ ಮತ್ತೆ ಬರುತ್ತದೆ. ಪಾರಿವಾಳದ ಲೆಕ್ಕ ಇಷ್ಟೇ: ಬಿತ್ತನೆ ಮತ್ತು ರಾಶಿ. ನಡುವಿನ ತಿಂಗಳುಗಳ ತಪ್ಪನ್ನೂ ಅದರ ತಲೆಗೆ ಕಟ್ಟಿದರೆ ನಿಜವಾದ ಕಳ್ಳ ತೆನೆಯ ಮೇಲೇ ಕೂತಿರುತ್ತಾನೆ.

‘ಮೊದಲಿಗಿಂತ ಹಕ್ಕಿ ಜಾಸ್ತಿ ಆಗ್ಯಾವು’ ಎಂಬ ಮಾತೂ ಇದೆ. ಪಾರಿವಾಳದ ಮಟ್ಟಿಗೆ ಇದರಲ್ಲಿ ಹುರುಳಿದೆ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯಲ್ಲಿ ಊರ ಪಾರಿವಾಳ ಮತ್ತು ನವಿಲು ಚೆನ್ನಾಗಿ ಹೆಚ್ಚಿರುವ ಪಕ್ಷಿಗಳ ಸಾಲಿನಲ್ಲಿವೆ; ಅದೇ ವರದಿಯಲ್ಲಿ ಬಯಲು ಹುಲ್ಲುಗಾವಲಿನ ಎಷ್ಟೋ ಹಕ್ಕಿಗಳು ಇಳಿಮುಖವಾಗಿವೆ. ನಮ್ಮ ಭಾಗದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿಕೊಂಡರು. ಅತ್ತ ಘಟಪ್ರಭೆಯ ನೀರೂ ಬಂತು. ಜೋಳ ಇದ್ದಲ್ಲಿ ಕಬ್ಬು ನಿಂತಿತು. ಈಗ ಕಬ್ಬಿನ ನಡುವೆ ಎರಡೆಕರೆ ಜೋಳ ಹಾಕಿದವನ ಹೊಲ ಒಂದು ನಡುಗಡ್ಡೆ. ಊರೆಲ್ಲ ಜೋಳ ಇದ್ದಾಗ ನೂರು ಹೊಲಕ್ಕೆ ಹಂಚಿಹೋಗುತ್ತಿದ್ದ ಹಕ್ಕಿಗಳೆಲ್ಲ ಆ ಒಂದೇ ಹೊಲಕ್ಕೆ ಬಂದು ಬೀಳುತ್ತವೆ. ಆ ರೈತನ ನೋವು ದೊಡ್ಡದು, ಅದನ್ನು ಯಾರೂ ಹಗುರ ಮಾಡಬಾರದು.

‘ನಾಕು ಹೊಡದ್ರ ಉಳಿದವು ಬರಂಗಿಲ್ಲ’

ಒಂದು ತಾಸು ಬರುವುದಿಲ್ಲ, ಆಮೇಲೆ ಬರುತ್ತವೆ. ಪಾರಿವಾಳಕ್ಕೆ ವರ್ಷವಿಡೀ ಸಂತಾನ. ಒಂದು ಸಲಕ್ಕೆ ಎರಡು ಮೊಟ್ಟೆ, ಸುಮಾರು 18 ದಿನ ಕಾವು, ಮರಿ ಹಾರಲು ಒಂದು ತಿಂಗಳು. ಒಂದು ಮರಿ ಗೂಡಿನಲ್ಲಿರುವಾಗಲೇ ಮುಂದಿನ ಮೊಟ್ಟೆ ಇಡುವುದೂ ಉಂಟು. ಕಾಳು ಮತ್ತು ಗೂಡಿನ ಜಾಗ ಇರುವತನಕ ಖಾಲಿಯಾದ ಜಾಗ ಬೇಗ ತುಂಬುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು 1 ಲಕ್ಷ ಪಾರಿವಾಳಗಳನ್ನು ಕೊಂದರು, ಸಂಖ್ಯೆ ಇಳಿಯಲಿಲ್ಲ. 1988ರಲ್ಲಿ ಅಲ್ಲಿನ ಜೀವವಿಜ್ಞಾನಿ ಡೇನಿಯಲ್ ಹಾಗ್-ವಾಕರ್‌ನಾಗೆಲ್ ಮುಂದಾಳತ್ವದಲ್ಲಿ ದಾರಿ ಬದಲಿಸಿದರು. ಜನ ಕಾಳು ಹಾಕುವುದನ್ನು ತಗ್ಗಿಸಿದರು. ಸುಮಾರು ನಾಲ್ಕು ವರ್ಷದಲ್ಲಿ 20,000 ಇದ್ದ ಹಕ್ಕಿಗಳು ಅರ್ಧಕ್ಕೆ ಇಳಿದವು. ಇಂಗ್ಲೆಂಡಿನ ಹೊಲಗಳಲ್ಲಿ ಕಾಡುಪಾರಿವಾಳಕ್ಕೆ ಗುಂಡು ಹೊಡೆಯುವುದು ಹಳೆಯ ಪದ್ಧತಿ. ಒಂದು ಕಾಲಕ್ಕೆ ಸರ್ಕಾರವೇ ತೋಟಾಕ್ಕೆ ಸಹಾಯಧನ ಕೊಡುತ್ತಿತ್ತು. ಕೇಂಬ್ರಿಜ್‌ಶೈರಿನಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಮರ್ಟನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಫಲಿತಾಂಶ ಆ ರೈತರಿಗೆ ಹಿಡಿಸುವಂಥದ್ದಾಗಿರಲಿಲ್ಲ: ಚಳಿಗಾಲದಲ್ಲಿ ಹೇಗೂ ಆಹಾರವಿಲ್ಲದೆ ಸಾಯಲಿದ್ದ ಹಕ್ಕಿಗಳೇ ಗುಂಡಿಗೆ ಸತ್ತವು, ಮೊತ್ತ ಬದಲಾಗಲಿಲ್ಲ.

ಗುಂಡು ಬೀಳುವ ಹಕ್ಕಿಯ ಮನೆಯ ಕಡೆಗೂ ಒಮ್ಮೆ ನೋಡಬೇಕು. ‘ಹಕ್ಕಿ ಹಾಲು ಕೊಡ್ತದೇನು?’ ಎಂದು ನಗುತ್ತಾರೆ. ಪಾರಿವಾಳ ಕೊಡುತ್ತದೆ. ಗಂಟಲ ಚೀಲದ ಒಳಪದರ ಮೊಸರಿನಂತೆ ಕಳಚಿ ಬರುವ ಈ ಆಹಾರವನ್ನು ತಾಯಿ-ತಂದೆ ಇಬ್ಬರೂ ಮರಿಗೆ ಉಣಿಸುತ್ತಾರೆ. ಮೊದಲ ಕೆಲವು ದಿನ ಮರಿಗೆ ಅದೇ ಊಟ. ಕಾವು ಕೂಡುವುದರಲ್ಲೂ ಪಾಳಿ ಇದೆ. ಹೊತ್ತೇರಿದ ಮೇಲೆ ಇಳಿಹೊತ್ತಿನವರೆಗೆ ಗಂಡು, ಉಳಿದ ಹೊತ್ತು ಹೆಣ್ಣು. ಅಂದರೆ ನಡುಮಧ್ಯಾಹ್ನ ಹೊಲದಲ್ಲಿ ಮೇಯುತ್ತಿರುವುದು ಬಹುತೇಕ ಹೆಣ್ಣು.

ಹಾಗಾದರೆ ಬೀಜ ಉಳಿಸುವುದು ಹೇಗೆ? ಹೊಲದ ತುದಿಯಲ್ಲಿ ಚೆಲ್ಲಿದ ಕಾಳನ್ನು ಅವತ್ತೇ ಮಣ್ಣು ಎಳೆದು ಮುಚ್ಚಬೇಕು. ಬೀಜಕ್ಕೆ ತಕ್ಕ ಆಳ ಕೊಡಬೇಕು. ಅಕ್ಕಪಕ್ಕದವರು ಕೂಡಿ ಒಂದೇ ವಾರದಲ್ಲಿ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ. ಎಲ್ಲರಿಗಿಂತ ಮೊದಲು ಅಥವಾ ಕಡೆಗೆ ಬಿತ್ತಿದವನಿಗೇ ಹೆಚ್ಚು ಪೆಟ್ಟು. ಬೆಳ್ಳಿ-ಕೆಂಪು ಬಣ್ಣದ ಹೊಳೆಯುವ ರಿಬ್ಬನ್ನನ್ನು ಒಂದು ಸುತ್ತು ತಿರುಚಿ ಗೂಟದಿಂದ ಗೂಟಕ್ಕೆ ಕಟ್ಟಿದರೆ ಗಾಳಿಗೆ ಸದ್ದು ಮಾಡುತ್ತ ಮಿಂಚುತ್ತದೆ. ಆದರೆ ಮೊಳಕೆ ಬಲಿಯುವವರೆಗೆ ಮಾತ್ರ ಇಟ್ಟು ತೆಗೆಯಬೇಕು, ಇಲ್ಲದಿದ್ದರೆ ಹಕ್ಕಿ ರೂಢಿ ಮಾಡಿಕೊಳ್ಳುತ್ತದೆ. ವರ್ಷಪೂರ್ತಿ ಒಂದೇ ಕಡೆ ನಿಂತ ಬೆದರುಗೊಂಬೆಯ ತಲೆಯ ಮೇಲೆ ಕಾಗೆ ಕೂರುವುದು ಇದೇ ಕಾರಣಕ್ಕೆ. ನಮ್ಮ ಹಿರಿಯರು ಹಾಲುಗಾಳಿನ ಹೊತ್ತಿಗೆ ಅಟ್ಟಣಿಗೆ ಹಾಕಿ, ಕವಣೆಯಲ್ಲಿ ಹೆಂಟೆ ಬೀಸಿ, ಕೂಗುಹಾಕಿ ಕಾಯುತ್ತಿದ್ದರಲ್ಲ, ಅದರಲ್ಲಿ ಲೆಕ್ಕ ಇತ್ತು. ಕಾಯಬೇಕಾದ್ದು ಇಡೀ ಬೆಳೆಯನ್ನಲ್ಲ, ಮೊಳಕೆ ಮತ್ತು ಹಾಲುಗಾಳು ಎಂಬ ಅದರ ಎರಡು ನಾಜೂಕು ಅವಧಿಗಳನ್ನು. ಮುಂಜಾನೆ ಮತ್ತು ಇಳಿಹೊತ್ತು ಹಕ್ಕಿಗಳ ಊಟದ ವೇಳೆ. ಆ ಹೊತ್ತು ಹೊಲದಲ್ಲಿ ಮನುಷ್ಯ ಇದ್ದರೆ ಬಂದೂಕಿಗಿಂತ ಹೆಚ್ಚು ಕೆಲಸ ಆಗುತ್ತದೆ.

ಕಾಳಿಗೆ ಕೀಟನಾಶಕ ಹಚ್ಚಿ ಬದುವಿಗೆ ಚೆಲ್ಲುವವರಿಗೆ ಒಂದೇ ಮಾತು. ವಿಷಕ್ಕೆ ಹಕ್ಕಿಯ ಗುರುತು ಹತ್ತುವುದಿಲ್ಲ. ನವಿಲು, ಕೋಳಿ, ಸತ್ತ ಹಕ್ಕಿಯನ್ನು ತಿಂದ ನಾಯಿ, ಎಲ್ಲಕ್ಕೂ ಅದೇ ಗತಿ.

‘ಹೊಲ ನಮ್ದು, ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ’

ಎರಡೂ ಮಾತು ಅರ್ಧ ಸತ್ಯ. 2016ರ ಆಯುಧ ನಿಯಮಗಳ ಪ್ರಕಾರ ನಳಿಕೆಯ ರಂಧ್ರ 0.177 ಇಂಚು, ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಅದು ಗುರಿ ಹಲಗೆಗೆ ಹೊಡೆಯಲು ಸಿಕ್ಕ ಸಡಿಲಿಕೆ, ಹಕ್ಕಿ ಹೊಡೆಯುವ ಅಪ್ಪಣೆಯಲ್ಲ. ಬೆಳೆ ರಕ್ಷಣೆಗೆಂದು ಕೊಡುವ ಬಂದೂಕಿನ ಲೈಸೆನ್ಸೂ ಬೇಟೆಯ ಲೈಸೆನ್ಸಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಹೊಲದ ಉತಾರ ಯಾರ ಹೆಸರಿನಲ್ಲಿದೆ ಎಂಬುದು ಸಂಬಂಧವಿಲ್ಲ. ಅದು ‘ಬೇಟೆ’ ಎನ್ನುವುದರಲ್ಲಿ ಕೊಲ್ಲುವುದಷ್ಟೇ ಅಲ್ಲ, ವಿಷ ಹಾಕುವುದು, ಬಲೆ ಒಡ್ಡುವುದು, ಮೊಟ್ಟೆ-ಗೂಡು ಕೆಡಿಸುವುದೂ ಸೇರಿದೆ.

‘ಊರ ಪಾರಿವಾಳ ಕಾಯ್ದೆಯಲ್ಲಿಲ್ಲ’ ಎಂದು ಬಲ್ಲವರು ವಾದಿಸುತ್ತಾರೆ. ಹಳೆಯ 4ನೇ ಅನುಸೂಚಿಯಲ್ಲಿ ಪಾರಿವಾಳದ ಇಡೀ ಕುಟುಂಬವನ್ನು ಸೇರಿಸಿ ಈ ಒಂದನ್ನು ಹೊರಗಿಟ್ಟಿದ್ದು ಹೌದು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆ ಪಟ್ಟಿಯೇ ಹೋಯಿತು; ಅನುಸೂಚಿಗಳನ್ನು ಹೊಸದಾಗಿ ಬರೆಯಲಾಗಿದೆ. ಹಳೆಯ ಪಟ್ಟಿಯ ವಿನಾಯಿತಿಯನ್ನು ನೆಚ್ಚಿ ಬಂದೂಕು ಎತ್ತುವುದು ಅಪಾಯ. ಇನ್ನು ಗುಂಪಿನಲ್ಲಿ ಬೆರೆತಿರುವ ಬೆಳವಕ್ಕಿಯನ್ನು ಪಾರಿವಾಳ ಎಂದು ಹೊಡೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ತಿಳಿಗಂದು ಮೈಯ, ಜಾಲಿಗಿಡದಲ್ಲಿ ಕೂತು ಗುಟುರು ಹಾಕುವ ಈ ಪುಟ್ಟ ಹಕ್ಕಿ ಕಳೆಯ ಬೀಜ ತಿಂದು ರೈತನ ಕೆಲಸ ಮಾಡುವಂಥದ್ದು. ನವಿಲಂತೂ 1ನೇ ಅನುಸೂಚಿ: 3ರಿಂದ 7 ವರ್ಷ ಜೈಲು.

ಬೀಳಗಿ-ಮುಧೋಳ ತಾಲ್ಲೂಕುಗಳ ನಡುವೆ ಚಿಂಕಾರಗಳಿಗಾಗಿಯೇ ಘೋಷಿಸಿದ ಯಡಹಳ್ಳಿ ವನ್ಯಧಾಮ ಇದೆ, ಸುಮಾರು 96 ಚದರ ಕಿಲೋಮೀಟರು. ಆ ಅಂಚಿನ ಹೊಲದಲ್ಲಿ ಬಂದೂಕು ಹಿಡಿದವನು ಪಾರಿವಾಳಕ್ಕೆ ಬಂದೆ ಎಂದರೆ ಅರಣ್ಯ ಇಲಾಖೆ ಒಪ್ಪಬೇಕಾಗಿಲ್ಲ. ‘ನಮ್ಮದು ಬೇಟೆನಾಯಿಯ ನಾಡು’ ಎಂಬ ಹೆಮ್ಮೆ ಮುಧೋಳಕ್ಕೆ ಸಲ್ಲುತ್ತದೆ. ಘೋರ್ಪಡೆ ಅರಸರು ಬೆಳೆಸಿದ ಆ ತಳಿಯನ್ನು 2016ರಲ್ಲಿ ಭಾರತೀಯ ಸೇನೆ ತರಬೇತಿಗೆ ತೆಗೆದುಕೊಂಡಿತು. ನಾಯಿಗೆ ಬೇಟೆಯಿಲ್ಲದ ಗೌರವದ ಕೆಲಸ ಸಿಕ್ಕಿದೆ.

‘ಲಕ್ವಾಕ್ಕ ಪಾರಿವಾಳದ ರಕ್ತಾನ ಔಷಧ’

‘ಏ ತಮ್ಮಾ, ಕಾಕಾಗ ಲಕ್ವಾ ಹೊಡದೈತಿ, ಲಗೂನ ಒಂದು ಪಾರಿವಾಳ ಹೊಡಕೊಂಡು ಬಾ.’ ಈ ಮಾತು ಬಂದ ಮನೆಯಲ್ಲಿ ಪ್ರೀತಿ ಕಡಿಮೆ ಇರುವುದಿಲ್ಲ. ಬಿಸಿರಕ್ತವನ್ನು ಸೋತ ಕೈಕಾಲಿಗೆ ತಿಕ್ಕುತ್ತಾರೆ, ಮಾಂಸದ ಸಾರು ಕುಡಿಸುತ್ತಾರೆ. ಪಾರಿವಾಳದ ಮೈ ನಮ್ಮ ಮೈಗಿಂತ ಬಿಸಿ ಎಂಬುದೂ ನಿಜ. ಆದರೆ ಲಕ್ವಾ ಕೈಯಲ್ಲಿ ಆದದ್ದಲ್ಲ. ಮಿದುಳಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿದೆ, ಇಲ್ಲವೇ ಒಡೆದಿದೆ. ಎಡಮಿದುಳಿನಲ್ಲಾದರೆ ಬಲಮೈ ಸೋಲುತ್ತದೆ. ಚರ್ಮದ ಮೇಲೆ ತಿಕ್ಕಿದ ಯಾವುದೂ ತಲೆಬುರುಡೆಯೊಳಗಿನ ಆ ನಾಳಕ್ಕೆ ತಲುಪುವುದಿಲ್ಲ.

ಸಾರು ಇನ್ನೂ ಅಪಾಯದ್ದು. ಲಕ್ವಾ ಹೊಡೆದ ಹೊಸತರಲ್ಲಿ ಎಷ್ಟೋ ಜನರಿಗೆ ನುಂಗುವ ಶಕ್ತಿಯೂ ಕುಂದಿರುತ್ತದೆ. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ, ಲಕ್ವಾದಿಂದ ಬದುಕಬಹುದಾಗಿದ್ದವರೂ ಅದರಿಂದ ಸಾಯುತ್ತಾರೆ. ಏರ್‌ಗನ್ನಿನ ಗುಂಡು ಸಾಮಾನ್ಯವಾಗಿ ಸೀಸದ್ದು. ಅದರ ಚೂರು ಮಾಂಸದಲ್ಲಿ ಉಳಿದರೆ ರೋಗಿಗೆ ವಿಷವನ್ನೂ ಉಣಿಸಿದಂತೆ.

ಹಾಗಿದ್ದರೆ ‘ನಮ್ಮ ಮಾವಗ ಅದರಿಂದನ ಆರಾಮಾತು’ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ಕಂಡದ್ದು ನಿಜ, ಕಾರಣ ಬೇರೆ. ಒಂದೇ ಕಡೆ ಮುಖ ಸೊಟ್ಟಗಾಗಿ, ಕಣ್ಣು ಮುಚ್ಚಲಾಗದೆ, ಹಣೆಯ ನೆರಿಗೆಯೂ ಏಳದಿದ್ದರೆ ಅದು ಹೆಚ್ಚಾಗಿ ಮುಖದ ನರದ ಊತ. ವೈದ್ಯರು ಅದನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಚಿಕಿತ್ಸೆ ಇಲ್ಲದೆಯೂ ಅದು ಹತ್ತರಲ್ಲಿ ಏಳು ಜನರಿಗೆ ಪೂರ್ತಿ ವಾಸಿಯಾಗುತ್ತದೆ. ಮೂರು ದಿನದೊಳಗೆ ಗುಳಿಗೆ ಶುರುವಾದರೆ ಇನ್ನೂ ಚೆನ್ನಾಗಿ. ಮಿದುಳಿನ ಲಕ್ವಾದಲ್ಲೂ ಮೊದಲ ವಾರಗಳಲ್ಲಿ ದೇಹ ತಾನಾಗಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಯಾವ ಹಕ್ಕಿ ಸತ್ತಿರುತ್ತದೋ ಅದಕ್ಕೆ ಹೆಸರು ಬರುತ್ತದೆ.

ಪಾರಿವಾಳ ಹುಡುಕುವಾಗ ಕಳೆಯುವುದು ಹೊತ್ತು, ಮತ್ತು ಈ ರೋಗದಲ್ಲಿ ಹೊತ್ತೇ ಔಷಧ. ದೊಡ್ಡ ನಾಳವೊಂದು ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ನಾಳ ಒಡೆದಿದ್ದರೆ ಆ ಮದ್ದೇ ಕೊಲ್ಲುತ್ತದೆ. ತೋಟದ ಮನೆಯಿಂದ ಡಾಂಬರು ರಸ್ತೆಗೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಬಾಗಲಕೋಟೆಗೋ ವಿಜಯಪುರಕ್ಕೋ ಹೋಗುವ ದಾರಿಯೇ ಈ ನಾಲ್ಕೂವರೆ ತಾಸಿನಲ್ಲಿ ದೊಡ್ಡ ಪಾಲು ತಿನ್ನುತ್ತದೆ.

ಗುರುತು ಹಿಡಿಯುವುದು ಸುಲಭ. ನಗಲು ಹೇಳಿದರೆ ಬಾಯಿ ಒಂದು ಕಡೆ ಎಳೆಯುತ್ತದೆ. ಎರಡೂ ಕೈ ಎತ್ತಿದರೆ ಒಂದು ಕೆಳಗೆ ಜಾರುತ್ತದೆ. ಮಾತು ತೊದಲುತ್ತದೆ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕೆಂದು ಹೇಳಿ. ಬಾಯಿಗೆ ನೀರು ಕೂಡ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ. ಬಿಪಿ-ಸಕ್ಕರೆಯ ಗುಳಿಗೆಗಳ ಚೀಟಿ ಇದ್ದರೆ ಜೊತೆಗಿಟ್ಟುಕೊಳ್ಳಿ. ‘ಆರಾಮ ಅದೀನಿ’ ಎಂದು ಬಿಪಿ ಗುಳಿಗೆ ಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆ, ಇವರು ಸರಿಯಾಗಿದ್ದುದನ್ನು ಕಡೆಯ ಸಲ ಯಾರು, ಎಷ್ಟು ಗಂಟೆಗೆ ನೋಡಿದಿರಿ ಎಂಬುದು. ಆ ವೇಳೆಯನ್ನು ಮನೆಯಲ್ಲಿ ಕೇಳಿಕೊಂಡೇ ಗಾಡಿ ಹತ್ತಿ.