ಅಚ್ಚು ಸರಿದ ರಾಟೆ: ಕಾಂಪೌಂಡ್ ಬಿಲ್ಲು ಅಂದು, ಇಂದು

ಕಾಂಪೌಂಡ್ ಬಿಲ್ಲಿನ ಗುಟ್ಟೆಲ್ಲ ಅದರ ಎರಡು ತುದಿಗಳ ರಾಟೆಯಲ್ಲಿದೆ. ಬಾವಿಯ ರಾಟೆಗೆ ಅಚ್ಚು ನಟ್ಟನಡುವೆ ಇರುತ್ತದೆ. ಹಗ್ಗ ಎಷ್ಟು ಜಗ್ಗಿದರೂ ಕೊಡದ ಭಾರ ಬದಲಾಗದು. ಅದೇ ಅಚ್ಚನ್ನು ತುಸು ಪಕ್ಕಕ್ಕೆ ಸರಿಸಿದರೆ, ರಾಟೆ ತಿರುಗುತ್ತಿದ್ದಂತೆ ಕೈಗೆ ಬೀಳುವ ಭಾರ ಏರುತ್ತದೆ, ಇಳಿಯುತ್ತದೆ. ಅಮೆರಿಕದ ಮಿಸೌರಿಯ ಹೊಲ್ಲೆಸ್ ವಿಲ್ಬರ್ ಅಲೆನ್ ಈ ಸಂಗತಿಯನ್ನು ಬಿಲ್ಲಿಗೆ ಒಗ್ಗಿಸಿ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1969ರ ಕೊನೆಗೆ ಅದು ಮಂಜೂರಾಯಿತು.

ಸಾದಾ ಬಿಲ್ಲಿನಲ್ಲಿ ಹೆದೆ ಎಳೆದಷ್ಟೂ ಭಾರ ಹೆಚ್ಚುತ್ತದೆ. ಗುರಿ ಹಿಡಿದು ನಿಲ್ಲಬೇಕಾದ ಹೊತ್ತಿಗೇ ತೋಳು ನಡುಗತೊಡಗುತ್ತದೆ. ಕಾಂಪೌಂಡ್‌ನಲ್ಲಿ ಭಾರ ಒಮ್ಮೆ ತುತ್ತತುದಿ ಮುಟ್ಟಿ, ಕೈ ಗಲ್ಲದ ಬಳಿ ಬರುವಾಗ ಕುಸಿಯುತ್ತದೆ. ಇದಕ್ಕೆ ಲೆಟ್‌ಆಫ್ ಎನ್ನುತ್ತಾರೆ. 1970ರ ದಶಕದ ಬಿಲ್ಲುಗಳಲ್ಲಿ ಬರಬರುತ್ತಾ ಇದು ಶೇಕಡಾ 50ರ ಆಸುಪಾಸಿಗೆ ಬಂತು. ಈಗಿನವುಗಳಲ್ಲಿ 80, 85 ಮಾಮೂಲು. 60 ಪೌಂಡಿನ ಹಳೆಯ ಬಿಲ್ಲನ್ನು ಪೂರ್ತಿ ಎಳೆದು ನಿಂತವರ ಬೆರಳ ಮೇಲೆ 30 ಪೌಂಡ್ ಇದ್ದರೆ, ಶೇಕಡಾ 80ರ ಹೊಸದರಲ್ಲಿ 12 ಪೌಂಡ್ ಮಾತ್ರ.

ಹಳೆಯ ಬಿಲ್ಲನ್ನು ಕಂಡೊಡನೆ ಗುರುತಿಸಬಹುದು. ಒಂದು ರಾಟೆಯ ಅಚ್ಚಿನಿಂದ ಇನ್ನೊಂದರ ಅಚ್ಚಿಗೆ 45 ಇಂಚು ಅಥವಾ ಇನ್ನೂ ಉದ್ದ. ಹಿಡಿಕೆಯ ಭಾಗವಾದ ರೈಸರ್ ಅಚ್ಚೆರೆದ ಮೆಗ್ನೀಸಿಯಂನದು. ಬಾಗುವ ಲಿಂಬ್‌ಗಳು ಮರ ಮತ್ತು ಫೈಬರ್‌ಗ್ಲಾಸ್ ಪದರಗಳವು. ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಕೇಬಲ್, ಅದರ ತುದಿಯ ಕೊಕ್ಕೆಗೆ ಸಿಕ್ಕಿಸಿದ ಡೇಕ್ರಾನ್ ಹೆದೆ. ಕೆಲವು ಮಾದರಿಗಳಲ್ಲಿ ರಾಟೆಗಳು ನಾಲ್ಕು, ಆರು ಇದ್ದದ್ದೂ ಉಂಟು. ಹೊಸದರ ರೈಸರ್ ಅಲ್ಯೂಮಿನಿಯಂ ಗಟ್ಟಿಯನ್ನು ಕಂಪ್ಯೂಟರ್ ಯಂತ್ರದಲ್ಲಿ ಕೊರೆದದ್ದು, ಇಲ್ಲವೇ ಕಾರ್ಬನ್‌ನದು. ಬೇಟೆಗೆಂದು ಮಾಡಿದ ಬಿಲ್ಲು ಅಚ್ಚಿನಿಂದ ಅಚ್ಚಿಗೆ 30 ಇಂಚಿನ ಸುತ್ತಮುತ್ತ ಮುಗಿದುಹೋಗುತ್ತದೆ.

ಇವೆಲ್ಲ ಹೊರಗಿನ ಗುರುತು. ನಿಜವಾಗಿ ಬದಲಾದದ್ದು ರಾಟೆಯ ಆಕಾರ. ಹಳೆಯದು ಅಚ್ಚು ಸರಿದ ದುಂಡು ರಾಟೆ. ಅದರಲ್ಲಿ ಭಾರ ಮೆಲ್ಲನೆ ಏರಿ, ಶಿಖರದಲ್ಲಿ ಕ್ಷಣ ನಿಂತು, ಮೆಲ್ಲನೆ ಇಳಿಯುತ್ತದೆ. ಹೊಸ ಬಿಲ್ಲಿನಲ್ಲಿ ದುಂಡು ಹೋಗಿ ಮೊಟ್ಟೆಯಂತೆ, ಕಿವಿಯಂತೆ ಸೊಟ್ಟಗಿರುವ ಕ್ಯಾಮ್ ಬಂದಿದೆ. ಎಳೆಯಲು ಶುರುಮಾಡಿದ ಕೂಡಲೇ ಭಾರ ಜಿಗಿದು ಮೇಲೇರಿ, ಬಹುದೂರ ಅಲ್ಲೇ ನಿಂತು, ಕೊನೆಯಲ್ಲಿ ಥಟ್ಟನೆ ಬೀಳುತ್ತದೆ. ಶಿಖರದ ಭಾರ ಅಷ್ಟೇ ಇದ್ದರೂ ಅದನ್ನು ಹೊತ್ತು ಎಳೆದ ದೂರ ಹೆಚ್ಚು. ಆದ್ದರಿಂದ ಲಿಂಬ್‌ಗಳಲ್ಲಿ ಕೂಡಿಟ್ಟ ಶಕ್ತಿಯೂ ಹೆಚ್ಚು. ಹೊಸ ಬಿಲ್ಲಿನ ವೇಗದ ಬಹುಪಾಲು ಬಂದದ್ದು ಇಲ್ಲಿಂದಲೇ.

ಆದರೆ ಇದಕ್ಕೆ ಬೆಲೆಯಿದೆ. ಹಳೆಯ ಬಿಲ್ಲಿನ ಕೊನೆಯ ತಗ್ಗು ಅಗಲವಾದದ್ದು: ಕೈ ಒಂದಿಷ್ಟು ಮುಂದೆ ಜಾರಿದರೂ ಅದು ಸಹಿಸಿಕೊಳ್ಳುತ್ತದೆ. ಬಿರುಸಿನ ಕ್ಯಾಮ್‌ನಲ್ಲಿ ತಗ್ಗು ಕಿರಿದು. ಮೈಮರೆತು ಸ್ವಲ್ಪ ಸಡಿಲಿಸಿದರೂ ಬಿಲ್ಲು ಕೈಯನ್ನು ಮುಂದಕ್ಕೆ ಕಿತ್ತುಕೊಂಡು ಹೋಗುತ್ತದೆ. ಅದಕ್ಕೆ ಪ್ರತಿಯಾಗಿ, ಎಳೆತ ಮುಗಿಯುವ ಜಾಗದಲ್ಲಿ ಹೊಸ ಬಿಲ್ಲು ಗೋಡೆಗೆ ತಾಗಿದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಪ್ರತಿ ಬಾಣವೂ ಅಷ್ಟೇ ಎಳೆತದಿಂದ ಹೊರಡುತ್ತದೆ. ಸ್ಪರ್ಧೆಗೆ ಇಳಿಯುವವರಿಗೆ ವೇಗಕ್ಕಿಂತ ಇದೇ ದೊಡ್ಡ ಲಾಭ.

ಎರಡು ರಾಟೆಗಳು ಒಂದೇ ಹೊತ್ತಿಗೆ ತಿರುಗಬೇಕೆನ್ನುವುದು ಹಳೆಯ ತಲೆನೋವು. ಒಂದು ಕೇಬಲ್ ಕೂದಲಷ್ಟು ಹಿಗ್ಗಿದರೂ ಒಂದು ರಾಟೆ ಮುಂದೆ, ಇನ್ನೊಂದು ಹಿಂದೆ. 1990ರ ದಶಕದ ಮೊದಲಲ್ಲಿ ಮ್ಯಾಥ್ಯೂಸ್ ಕಂಪನಿಯ ಮ್ಯಾಟ್ ಮ್ಯಾಕ್‌ಫರ್ಸನ್ ಕೆಳಗೆ ಮಾತ್ರ ಕ್ಯಾಮ್, ಮೇಲೆ ಬರೀ ದುಂಡು ರಾಟೆ ಇಟ್ಟು ಈ ಜಗಳವನ್ನೇ ತಪ್ಪಿಸಿದರು. ಆಮೇಲೆ ಬಂದ ಬೈನರಿ ಕ್ಯಾಮ್‌ನಲ್ಲಿ ಕೇಬಲ್‌ಗಳ ತುದಿ ಲಿಂಬ್‌ಗೆ ಕಟ್ಟಿರುವುದಿಲ್ಲ. ಒಂದು ಕ್ಯಾಮ್ ಇನ್ನೊಂದಕ್ಕೇ ಬಿಗಿದಿರುತ್ತದೆ. ಒಂದು ತಿರುಗಿದರೆ ಇನ್ನೊಂದು ತಿರುಗದೆ ವಿಧಿಯಿಲ್ಲ. ಹೆದೆಯೂ ಬದಲಾಯಿತು. ಡೇಕ್ರಾನ್ ಹಿಗ್ಗುವ ನೂಲು; ಅದರ ಜಾಗಕ್ಕೆ 1980ರ ದಶಕದಿಂದ ಹಿಗ್ಗದ ಪಾಲಿಎಥಿಲೀನ್ ನೂಲು ಬಂತು. ಲಿಂಬ್‌ಗಳು ನೆಲಕ್ಕೆ ಸಮಾನಾಂತರವಾಗುವಷ್ಟು ಮಲಗಿದ್ದರಿಂದ, ಬಿಟ್ಟಾಗ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಚಿಮ್ಮಿ ಪರಸ್ಪರ ಅದುರುವಿಕೆಯನ್ನು ನುಂಗಿಕೊಳ್ಳುತ್ತವೆ.

ವೇಗದ ಅಂಕಿಗಳನ್ನು ಹೋಲಿಸುವಾಗ ಎಚ್ಚರ ಬೇಕು. ವೇಗ ಅಳೆಯುವ ಹಳೆಯ ಎಎಂಒ ಪದ್ಧತಿಯಲ್ಲಿ 60 ಪೌಂಡಿನ ಬಿಲ್ಲಿಗೆ 540 ಗ್ರೇನ್, ಅಂದರೆ 35 ಗ್ರಾಂ ತೂಗುವ ಬಾಣ. ಇಂದಿನ ಐಬಿಒ ಪದ್ಧತಿಯಲ್ಲಿ 70 ಪೌಂಡ್ ಬಿಲ್ಲು, 350 ಗ್ರೇನ್ ಬಾಣ; ತೂಕ 23 ಗ್ರಾಂ ಕೂಡ ಆಗದು. ಹೆಚ್ಚು ಬಲದ ಬಿಲ್ಲಿನಿಂದ ಹಗುರ ಬಾಣ ಬಿಟ್ಟು ಬಂದ ಸೆಕೆಂಡಿಗೆ 330 ಅಡಿಯನ್ನು, ಭಾರದ ಬಾಣ ಬಿಟ್ಟು ಬಂದ 200 ಅಡಿಯ ಪಕ್ಕದಲ್ಲಿಡುವುದು ನ್ಯಾಯವಲ್ಲ. ಆದರೂ ವ್ಯತ್ಯಾಸ ಬರೀ ಜಾಹೀರಾತಿನದಲ್ಲ. ಚಲನೆಯ ಶಕ್ತಿಯನ್ನು ಲೆಕ್ಕ ಹಾಕಿದರೆ ಹಳೆಯದು 65 ಜೂಲ್ ಸುಮಾರು, ಹೊಸದು 115. ಗಾಳಿಯ ತಡೆ ಬಿಟ್ಟು ನೋಡಿದರೆ 50 ಮೀಟರ್ ದೂರಕ್ಕೆ ಮೊದಲನೆಯ ಬಾಣ 3 ಮೀಟರಿಗೂ ಹೆಚ್ಚು ಕುಸಿಯುತ್ತದೆ, ಎರಡನೆಯದು 1.2 ಮೀಟರ್ ಅಷ್ಟೇ. ದೂರವನ್ನು 5 ಮೀಟರ್ ತಪ್ಪಾಗಿ ಅಂದಾಜಿಸಿದರೆ ಹಳೆಯದು ಸುಮಾರು 35 ಸೆಂಟಿಮೀಟರ್ ಮೇಲೆ ಕೆಳಗೆ ಆದೀತು, ಹೊಸದು 12.

ದೂರ ಮೊದಲೇ ಗೊತ್ತಿರುವ ಅಂಕಣದಲ್ಲಿ ಈ ಅನುಕೂಲಕ್ಕೆ ಅಷ್ಟು ಬೆಲೆಯಿಲ್ಲ. ಬಿಲ್ಲುಗಾರಿಕೆಯ ಜಾಗತಿಕ ಸಂಸ್ಥೆ ವರ್ಲ್ಡ್ ಆರ್ಚರಿಯ ಹೊರಾಂಗಣ ಕಾಂಪೌಂಡ್ ಸ್ಪರ್ಧೆ 50 ಮೀಟರಿನದು. ಬಿಲ್ಲಿನ ಭಾರ 60 ಪೌಂಡ್ ಮೀರುವಂತಿಲ್ಲ. ಹಾಗಾಗಿ ಸ್ಪರ್ಧೆಯ ಬಿಲ್ಲುಗಳು ಈಗಲೂ 36ರಿಂದ 40 ಇಂಚು ಉದ್ದವೇ. ಉದ್ದದ ಬಿಲ್ಲು ಕೈಯಲ್ಲಿ ಅಲುಗಾಡುವುದು ಕಡಿಮೆ ಎಂಬ ಹಳೆಯವರ ತಿಳಿವಳಿಕೆ ಸುಳ್ಳಾಗಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್‌ನ ಐದೂ ಚಿನ್ನ ಭಾರತಕ್ಕೆ ಬಂದವು; ಜ್ಯೋತಿ ಸುರೇಖಾ ವೆನ್ನಂ, ಓಜಸ್ ದೇವತಳೆ ತಲಾ ಮೂರು ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್‌ನ ಮಿಶ್ರ ತಂಡ ವಿಭಾಗ ಸೇರಿದೆ.

ಹಳೆಯ ಬಿಲ್ಲಿಗೆ ಇನ್ನೂ ಒಂದು ಗುಣವಿದೆ: ಅದನ್ನು ಬರಿ ಬೆರಳಿನಿಂದ ಎಳೆಯಬಹುದು. ಗಿಡ್ಡ ಬಿಲ್ಲಿನಲ್ಲಿ ಹೆದೆಯ ಕೋನ ಚೂಪಾಗಿ ಬೆರಳುಗಳನ್ನು ಹಿಂಡುತ್ತದೆ; ಗುಂಡಿ ಅದುಮಿ ಬಿಡುವ ರಿಲೀಸ್ ಸಾಧನವಿಲ್ಲದೆ ಅದು ಬಗ್ಗದು.

ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರು ಮೊದಲು ಉಕ್ಕಿನ ಕೇಬಲ್‌ನಲ್ಲಿ ಎಳೆ ಬಿಟ್ಟಿದೆಯೇ, ರೈಸರ್‌ನಲ್ಲಿ ಬಿರುಕಿದೆಯೇ ನೋಡಬೇಕು. ಡೇಕ್ರಾನ್‌ಗೆಂದು ಮಾಡಿದ ಬಿಲ್ಲಿಗೆ ಹಿಗ್ಗದ ಹೊಸ ಹೆದೆ ಕಟ್ಟಿದರೆ ಏಟೆಲ್ಲ ಲಿಂಬ್ ತುದಿಗೆ ಬೀಳುತ್ತದೆ. ಬಾಣವಿಲ್ಲದೆ ಹೆದೆ ಬಿಡುವುದಂತೂ ಹಳೆಯದಿರಲಿ, ಹೊಸದಿರಲಿ, ಬಿಲ್ಲನ್ನು ಮುರಿದೀತು. ಲಿಂಬ್‌ನ ಅಂಚುಗಳ ಉದ್ದಕ್ಕೂ ಹತ್ತಿಯ ಉಂಡೆಯೊಂದನ್ನು ಸವರಿ ನೋಡುವುದು ಬಿಲ್ಲುಗಾರರ ರೂಢಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಪದರ ಸೀಳಿದೆ ಎಂದರ್ಥ. ಆ ಬಿಲ್ಲನ್ನು ಎಳೆದು ನೋಡಲೂ ಬಾರದು.